ಆರಿಸುವವರು ಯಾರು?

ಮಕ್ಕಳ ವಿದ್ಯೆಗಾಗಿ ಸರಕಾರವು ವೆಚ್ಚ ಮಾಡುವ ಹಣವನ್ನು ಶಾಲೆಗೆ ಕೊಡಬೇಕೆ, ಮಗುವಿಗೆ ಕೊಡಬೇಕೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಬರಿಯ ಲೆಕ್ಕಪತ್ರದ ಪ್ರಶ್ನೆಯಂತೆ ತೋರುವುದು. ವಿಚಾರಿಸಿ ನೋಡಿದರೆ ಅದು ಧರ್ಮದ ಪ್ರಶ್ನೆ. ಹಣವು ಶಾಲೆಗೆ ಸಂದರೆ, ಮಗುವು ಆ ಶಾಲೆಯಿದ್ದಲ್ಲಿಗೆ ಹೋಗಬೇಕು. ಮಗುವಿನ ಹೆಸರಿಗೆ ಸಂದರೆ, ತಂದೆತಾಯಿಗಳು ತಮಗೆ ಒಪ್ಪಿದ ಶಾಲೆಯನ್ನು ಆರಿಸಿ ಅದನ್ನು ಅಲ್ಲಿಗೆ ಸಲ್ಲಿಸಬಹುದು. ಹೀಗೆ ಮಗುವಿನ ಹೆಸರಿಗೆ ಕೊಡುವ ಹಣದ ಚೀಟಿಯನ್ನು ಅಮೆರಿಕದವರು ‘ವೋಚರ್’ ಎಂದು ಕರೆಯುತ್ತಾರೆ. ಆ ದೇಶದಲ್ಲಿ ಇದರ ವಾದವಿವಾದವು ಎಪ್ಪತ್ತು ವರ್ಷಗಳಿಂದ ನಡೆದಿದೆ. ನಮ್ಮಲ್ಲಿಯೂ ಅದು ಬೇರೊಂದು ವೇಷದಲ್ಲಿ ಬಂದಿದೆ.

ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಕೇಳೋಣ. ಮಕ್ಕಳಿಗೆ ವಿದ್ಯೆ ಕೊಡಿಸುವುದನ್ನು ಸರಕಾರವು ಕಡ್ಡಾಯ ಮಾಡಲಿ, ಬಡವರ ಶುಲ್ಕಕ್ಕೆ ನೆರವಾಗಲಿ, ಆದರೆ ಬೋಧನೆಯನ್ನೆಲ್ಲ ತಾನೇ ವಹಿಸಿಕೊಳ್ಳುವುದು ಬೇಡವೆಂದು ಇಂಗ್ಲೆಂಡಿನ ಜಾನ್ ಸ್ಟುಅರ್ಟ್ ಮಿಲ್ ೧೮೫೯ರಲ್ಲಿಯೇ ವಾದಿಸಿದ್ದನು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ೧೯೫೫ರಲ್ಲಿ ಆ ವಿಚಾರಕ್ಕೆ ವೋಚರಿನ ರೂಪವನ್ನು ಕೊಟ್ಟನು. ಧನಿಕನು ಒಂದು ಶಾಲೆ ಒಗ್ಗದಿದ್ದರೆ ಮತ್ತೊಂದಕ್ಕೆ ಮಗನನ್ನು ಕಳುಹಿಸುತ್ತಾನೆ. ಬಡವನಿಗೆ ಮಾತ್ರ ಸಿಕ್ಕಿದ್ದೇ ಶಾಲೆ. ಇದನ್ನು ಅನ್ಯಾಯವಲ್ಲವೆನ್ನಲು ಯಾರಿಗೆ ಬಾಯಿ ಬಂದೀತು? ೧೯೯೦ರಲ್ಲಿ ಮಿಲ್ವಾಕಿ ನಗರದ ಬಡಮಕ್ಕಳಿಗೆ ವೋಚರ್ ದೊರೆತುದರ ಹಿಂದೆ ಪಾಲಿ ವಿಲಿಯಮ್ಸ್ ಎಂಬ ಆಫ್ರಿಕನ್ ಮೂಲದ ಶಾಸಕಿಯ ಹೋರಾಟವಿತ್ತು. ಆದುದರಿಂದ ಇದನ್ನು ವರ್ತಕರ ಹಂಚಿಕೆಯೆಂದು ತಳ್ಳಿಹಾಕುವಂತಿಲ್ಲ.

ಆದರೆ ಅದೇ ದೇಶದ ವರ್ಜೀನಿಯಾ ಪ್ರಾಂತದಲ್ಲಿ ಇದೇ ಉಪಾಯವು ಏನಾಯಿತು? ಬಿಳಿಯರ ಮಕ್ಕಳನ್ನೂ ಕರಿಯರ ಮಕ್ಕಳನ್ನೂ ಬೇರೆ ಬೇರೆ ಶಾಲೆಗಳಲ್ಲಿ ಓದಿಸುವುದು ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು ೧೯೫೪ರಲ್ಲಿ ತೀರ್ಪಿತ್ತಿತು. ಅದಕ್ಕೆ ಮಣಿಯಲೊಲ್ಲದೆ ಪ್ರಿನ್ಸ್ ಎಡ್ವರ್ಡ್ ಎಂಬ ಜಿಲ್ಲೆಯವರು ೧೯೫೯ರಲ್ಲಿ ತಮ್ಮ ಸಾರ್ವಜನಿಕ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟರು. ಬಿಳಿಯರ ಮಕ್ಕಳು ಹೊಸ ಖಾಸಗಿ ಶಾಲೆಗೆ ಹೋದರು. ಅವರ ಶುಲ್ಕಕ್ಕೆ ಸಾರ್ವಜನಿಕರ ಹಣವೂ ಒದಗಿತು. ಆ ಶಾಲೆ ಕರಿಯರ ಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. ೧೯೬೪ರಲ್ಲಿ ನ್ಯಾಯಾಲಯವು ಮತ್ತೆ ಕೈಹಾಕುವವರೆಗೂ ಆ ಮಕ್ಕಳಿಗೆ ಊರಿನಲ್ಲಿ ಸಾರ್ವಜನಿಕ ಶಾಲೆಯೇ ಇರಲಿಲ್ಲ. ಐದು ವರ್ಷ! ಆರು ವರ್ಷದ ಕೂಸು ಹನ್ನೊಂದು ವರ್ಷದ್ದಾಗುವಷ್ಟು ಕಾಲ. ಆ ಬಿಳಿಯ ತಂದೆತಾಯಿಗಳು ಚಲಾಯಿಸಿದ್ದೂ ತಮ್ಮ ‘ಆಯ್ಕೆಯ ಸ್ವಾತಂತ್ರ್ಯ’ವನ್ನೇ.

ದಕ್ಷಿಣ ಅಮೆರಿಕದ ಚಿಲಿ ದೇಶವು ೧೯೮೧ರಲ್ಲಿ ದೇಶಕ್ಕೆಲ್ಲ ಈ ಪದ್ಧತಿಯನ್ನು ತಂದಿತು. ಸರಕಾರದ ಹಣ ಪಡೆಯುವ ಖಾಸಗಿ ಶಾಲೆಗಳು ಮಕ್ಕಳನ್ನು ಪರೀಕ್ಷಿಸಿ ಆರಿಸಿಕೊಳ್ಳತೊಡಗಿದವು. ೧೯೯೩ರಿಂದೀಚೆಗೆ ಮೇಲೆ ಶುಲ್ಕವನ್ನು ಕೂಡ ವಸೂಲು ಮಾಡಿದವು. ಉಳ್ಳವರ ಮಕ್ಕಳು ಒಂದೆಡೆ, ಇಲ್ಲದವರ ಮಕ್ಕಳು ಮತ್ತೊಂದೆಡೆ ಸೇರುತ್ತ ಬಂದರು. ಕೊನೆಗೆ ೨೦೧೫ರಲ್ಲಿ ಕಾನೂನು ಮಾಡಿ ಈ ಎರಡನ್ನೂ ಹಂತಹಂತವಾಗಿ ನಿಲ್ಲಿಸಬೇಕಾಯಿತು.

ಇಂತಿರಲು ಚೀಟಿಯನ್ನು ಕೈಗಿತ್ತೊಡನೆಯೇ ಆರಿಸುವ ಅಧಿಕಾರವು ತಂದೆತಾಯಿಗಳಿಗೆ ಬಂದಿತೆಂದು ತಿಳಿಯುವುದು ಭ್ರಾಂತಿ. ಬಾಗಿಲು ಶಾಲೆಯದು, ಅಗುಳಿಯೂ ಅದರ ಕೈಯಲ್ಲಿದೆ. ಒಲ್ಲೆನೆನ್ನುವ ಅಧಿಕಾರವು ಶಾಲೆಗೆ ಇರುವವರೆಗೆ ಆರಿಸುವುದು ಶಾಲೆಯೇ. ತಂದೆತಾಯಿಗಳು ಬೇಡುವವರು ಮಾತ್ರ.

ನಮ್ಮ ದೇಶದಲ್ಲಿ ಸಾರ್ವಜನಿಕರ ಹಣವು ಖಾಸಗಿ ಶಾಲೆಗೆ ಹೋಗಬಹುದೆ ಎಂಬ ಪ್ರಶ್ನೆ ಹೊಸದಲ್ಲ. ೧೮೫೪ರ ವುಡ್ಡನ ಆಜ್ಞಾಪತ್ರದಿಂದ ಅನುದಾನದ ಪದ್ಧತಿಯು ಬೇರೂರಿತು. ನಮ್ಮ ಮಠಗಳ ಅನೇಕ ಶಾಲೆಗಳ ಉಪಾಧ್ಯಾಯರು ಅದರಿಂದಲೇ ಸಂಬಳ ಪಡೆಯುತ್ತಿದ್ದಾರೆ. ಹೊಸದಾಗಿ ಬಂದುದು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ. ಅನುದಾನವಿಲ್ಲದ ಖಾಸಗಿ ಶಾಲೆಗಳೂ ಒಂದನೆಯ ತರಗತಿಯ ನೂರರಲ್ಲಿ ಇಪ್ಪತ್ತೈದು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಬಿಡಬೇಕು, ವೆಚ್ಚವನ್ನು ಸರಕಾರವು ಒಂದು ಮಿತಿಯೊಳಗೆ ತುಂಬಿಕೊಡಬೇಕು ಎಂದು ಅದು ವಿಧಿಸಿತು. ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಕೂಡದೆಂದೂ ಹೇಳಿತು. ಹೆಸರು ಬೇರೆ, ವಸ್ತುವು ವೋಚರೇ. ಅಗುಳಿಯನ್ನು ಕೊಂಚ ಸಡಿಲಿಸಿದ ವೋಚರು. ೨೦೧೨ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ೨೦೧೪ರಲ್ಲಿ ವಿನಾಯಿತಿ ದೊರೆಯಿತು.

ಬಡಮಕ್ಕಳು ಈ ದಾರಿಯಿಂದ ಖಾಸಗಿ ಶಾಲೆಗೆ ಹೋದಂತೆ ಸರಕಾರಿ ಶಾಲೆಗಳು ಬರಿದಾಗುತ್ತಿವೆ ಎಂಬ ಕೊರಗು ಎದ್ದಿತು. ೨೦೧೯ರಲ್ಲಿ ಕರ್ನಾಟಕ ಸರಕಾರವು ನಿಯಮವನ್ನು ತಿದ್ದಿ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದಿತು. ನಮ್ಮ ಹೈಕೋರ್ಟು ಅದನ್ನು ಒಪ್ಪಿತು. ಮಹಾರಾಷ್ಟ್ರವು ೨೦೨೪ರಲ್ಲಿ ಇದೇ ಬಗೆಯ ನಿಯಮವನ್ನು ತಂದಾಗ ಮುಂಬಯಿ ಹೈಕೋರ್ಟು ಅದನ್ನು ರದ್ದುಮಾಡಿತು. ಸುಪ್ರೀಂ ಕೋರ್ಟು ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ನ್ಯಾಯಾಲಯಗಳ ಭಿನ್ನಾಭಿಪ್ರಾಯವು ಹಾಗಿರಲಿ. ಬಡವನಿಗೆ ಇನ್ನೊಂದು ಬಾಗಿಲನ್ನು ಮುಚ್ಚಿ ಒಂದು ಶಾಲೆಯನ್ನು ತುಂಬಿಸುವುದು ನನಗೆ ಧರ್ಮವೆಂದು ತೋರುವುದಿಲ್ಲ. ಉಳ್ಳವನ ಮಗುವಿಗೆ ಈ ನಿರ್ಬಂಧವಿಲ್ಲವಷ್ಟೆ!

ಹಾಗಾದರೆ ಆಯ್ಕೆಯಿಂದ ವಿದ್ಯೆ ಹೆಚ್ಚುವುದೆ? ನೆರೆಯ ಆಂಧ್ರದ ೧೮೦ ಹಳ್ಳಿಗಳಲ್ಲಿ ೨೦೦೮ರಿಂದ ಒಂದು ಪ್ರಯೋಗ ನಡೆಯಿತು. ಲಾಟರಿ ಎತ್ತಿ ಕೆಲವು ಮಕ್ಕಳಿಗೆ ಖಾಸಗಿ ಶಾಲೆಯ ವೋಚರ್ ಕೊಟ್ಟು, ನಾಲ್ಕು ವರ್ಷಗಳ ತರುವಾಯ ಪರೀಕ್ಷಿಸಿದರು. ತೆಲುಗಿನಲ್ಲಿಯೂ ಗಣಿತದಲ್ಲಿಯೂ ವೋಚರ್ ದೊರೆತವರಿಗೂ ದೊರೆಯದವರಿಗೂ ಅಂತರ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ವೋಚರಿನ ಮಕ್ಕಳು ಬಹಳ ಮುಂದಿದ್ದರು. ಆದರೆ ಖಾಸಗಿ ಶಾಲೆಯು ಮಗುವೊಂದಕ್ಕೆ ಮಾಡಿದ ವೆಚ್ಚವು ಸರಕಾರಿ ಶಾಲೆಯ ವೆಚ್ಚದ ಮೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಇದರಿಂದ ಎರಡು ಪಕ್ಷದವರೂ ಕೊಂಚ ತಲೆ ತಗ್ಗಿಸಬೇಕು. ಖಾಸಗಿ ಶಾಲೆಯಲ್ಲಿ ಮಂತ್ರದಂಡವಿಲ್ಲ. ಸರಕಾರಿ ಶಾಲೆಗೆ ಸುರಿದ ಹಣಕ್ಕೆ ತಕ್ಕ ಫಲವೂ ಇಲ್ಲ. (ಆ ಅಗ್ಗಕ್ಕೆ ಮುಖ್ಯ ಕಾರಣ ಖಾಸಗಿ ಶಾಲೆಯ ಉಪಾಧ್ಯಾಯರ ಅಲ್ಪ ಸಂಬಳವೆಂಬುದನ್ನು ಉಪಾಧ್ಯಾಯನಾದ ನಾನು ಹೇಳದಿರಲಾರೆ.)

ಓದುಬರೆಹವಿಲ್ಲದ ತಂದೆತಾಯಿಗಳು ಶಾಲೆಯನ್ನು ಹೇಗೆ ಆರಿಸಬಲ್ಲರೆಂದು ಕೆಲವು ಪಂಡಿತರು ಕೇಳುವುದುಂಟು. ಪ್ರವೇಶದ ಕಾಲದಲ್ಲಿ ನಮ್ಮ ಶಾಲೆಗೆ ಬರುವ ಕೂಲಿಯ ಹೆಣ್ಣುಮಗಳು ಪಠ್ಯಕ್ರಮವನ್ನು ವಿಚಾರಿಸುವುದಿಲ್ಲ. “ಮಾಸ್ತರ್ರು ದಿನಾ ಬರ್ತಾರೇನ್ರೀ? ಹುಡುಗನ್ನ ಹೊಡಿಯೂದಿಲ್ಲಲ್ರೀ?” ಎನ್ನುತ್ತಾಳೆ. ಶಿಕ್ಷಣಶಾಸ್ತ್ರದ ಗ್ರಂಥಗಳನ್ನು ಓದಿದವರೂ ಇದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೇಳುವುದು ಅಪರೂಪ. ಆಕೆಯ ವಿವೇಕದಲ್ಲಿ ನನಗೆ ಸಂಶಯವಿಲ್ಲ.

ನನ್ನ ಚಿಂತೆಯೆಲ್ಲ ಕೇಳಲು ಯಾರೂ ಬಾರದ ಮಗುವಿನದು. ತಂದೆ ಕುಡುಕ, ತಾಯಿ ಕಬ್ಬು ಕಡಿಯಲು ಪರಸ್ಥಳಕ್ಕೆ ಹೋದವಳು, ಅರ್ಜಿ ತುಂಬುವವರಿಲ್ಲ. ಆಯ್ಕೆಯ ಪದ್ಧತಿ ಎಷ್ಟೇ ನ್ಯಾಯವಾಗಿದ್ದರೂ ಈ ಮಗು ಆರಿಸಲಾರದು. ಉಳಿದವರು ಬಿಟ್ಟುಹೋದ ಶಾಲೆಯಲ್ಲಿಯೇ ಉಳಿಯುವುದು. ಆದುದರಿಂದ ಹಣವು ಮಗುವಿನ ಹಿಂದೆ ಹೋಗಲಿ ಎಂಬುದನ್ನು ನಾನು ಒಪ್ಪುವೆನು. ಆದರೆ ಆ ಹಣವನ್ನು ಪಡೆದ ಶಾಲೆಯು ಬಂದ ಮಗುವನ್ನು ತಿರುಗಿಸಬಾರದು, ಮೇಲೆ ಕಾಸು ಕೇಳಬಾರದು. ಉಳಿದ ಮಗುವಿನ ಶಾಲೆಗೆ ಹುಡುಗರ ತಲೆಯೆಣಿಕೆಯಿಂದಲೇ ಉಪಾಧ್ಯಾಯರನ್ನು ಕಡಿಮೆ ಮಾಡಬಾರದು. ದಾಸೋಹದ ಪಂಕ್ತಿಯಲ್ಲಿ ಯಾರ ಮಗನೆಂದು ಕೇಳದೆ ಎಡೆಯಿಡುವ ನಾವು, ಅನುದಾನದ ಶಾಲೆಯ ಬಾಗಿಲಲ್ಲಿ ಪ್ರವೇಶಪರೀಕ್ಷೆಯ ಮೇಜನ್ನಿಡುವುದು ಹೇಗೆ ಹೊಂದೀತು? ಮಠದ ಶಾಲೆಗಳ ಆಡಳಿತ ಮಂಡಲಿಗಳಲ್ಲಿ ಕುಳಿತಿರುವ ಸದ್ಭಕ್ತರು ಮುಂದಿನ ಪ್ರವೇಶದ ಸೂಚನಾಪತ್ರವನ್ನು ಅಚ್ಚಿಗೆ ಕೊಡುವ ಮುನ್ನ ಇದನ್ನು ವಿಚಾರಿಸಬೇಕೆಂದು ಬೇಡುತ್ತೇನೆ.