ಸೊನ್ನೆಗೆ ಮರಳುವುದು

ಭಾಂಡುಪ್‌ನ ನಮ್ಮ ಮನೆಯಲ್ಲಿ ಮಗಳು ಕೌಂಟರ್ ಸರ್ಕ್ಯೂಟ್ ಕಟ್ಟಿದ್ದಳು. ಲ್ಯಾಮಿಂಗ್ಟನ್ ರೋಡಿನಿಂದ ತಂದ 7493 ಚಿಪ್. ಸ್ವಿಚ್ ತಿರುಗಿಸಿದಂತೆ 6ಕ್ಕೋ 10ಕ್ಕೋ ಸೊನ್ನೆಯಾಗಬೇಕು. 6ಕ್ಕಿಟ್ಟರೆ ಒಮ್ಮೊಮ್ಮೆ 4ಕ್ಕೆ ಇಳಿದು ಅಲ್ಲಿಂದಲೇ ಎಣಿಸುತ್ತಿತ್ತು.

6 ಎಂದರೆ 4ರ ಮತ್ತು 2ರ ಫ್ಲಿಪ್‌ಫ್ಲಾಪ್‌ಗಳೆರಡೂ ಆನ್. ಎರಡೂ ಆನ್ ಇದ್ದರಷ್ಟೇ ರಿಸೆಟ್ ಆದೇಶ. 2ರದ್ದು ಮೊದಲು ಅಳಿದರೆ ಆದೇಶವೇ ಮಾಯ, 4 ಉಳಿದುಬಿಡುತ್ತದೆ. ಆದೇಶವನ್ನು ಮುಂದಿನ ಪಲ್ಸ್‌ವರೆಗೆ ಹಿಡಿದಿಡಲು ಲ್ಯಾಚ್ ಹಾಕಿದೆವು. ಸರಿಹೋಯಿತು.

ಆಸ್ತಿ ಪಾಲಿನ ಜಗಳವಾದ ಮೇಲೆ ಊರಿಗೆ ಫೋನ್ ಮಾಡಿ, 'ತಪ್ಪಾಯ್ತು ಅಣ್ಣ' ಎಂದಿದ್ದೆ. ನನ್ನ ಮನಸ್ಸು ಹಗುರಾಯಿತು, ಅಲ್ಲಿಗೇ ನಿಲ್ಲಿಸಿದೆ. ಅಣ್ಣನ ನೋವು ಅಳಿಯಿತೇ ಎಂದು ಕೇಳಲಿಲ್ಲ. ಜಗಳ ಮುಗಿಯಿತೆಂದು ಮೊದಲು ಹಗುರಾದವನೇ ತೀರ್ಮಾನಿಸಬಹುದೇ? ಈ ಭಾನುವಾರ ಮತ್ತೆ ಫೋನ್ ಮಾಡುತ್ತೇನೆ.