ಅಂತರಜಾಲದ ಬರಹಗಾರನೂ ಏಷಣೆಯ ವಿವೇಕವೂ

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೂರನೆಯದು ಏಷಣಾ ಸಮಿತಿ. ಏಷಣೆಯೆಂದರೆ ಅರಸುವಿಕೆ. ಆಹಾರಕ್ಕಾಗಿ ಹೊರಟ ಮುನಿಗಳು ಸಿಕ್ಕಿದ ಮನೆಯಲ್ಲಿ ಸಿಕ್ಕಿದ್ದನ್ನು ಸ್ವೀಕರಿಸುವುದಿಲ್ಲ. ಅದು ಹೇಗೆ ಸಿದ್ಧವಾಯಿತು, ಯಾರನ್ನು ಉದ್ದೇಶಿಸಿ ಸಿದ್ಧವಾಯಿತು, ಕೊಡುವವರ ಭಾವವೇನು ಎಂಬುದನ್ನೆಲ್ಲ ಪರಿಶೀಲಿಸುತ್ತಾರೆ. ದಿಗಂಬರ ಆಚಾರಗ್ರಂಥಗಳು ಆಹಾರದ ದೋಷಗಳನ್ನು 46 ಎಂದು ಎಣಿಸಿವೆ. ಒಬ್ಬರ ಹೊಟ್ಟೆಗೆ ಹೋಗುವ ತುತ್ತಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಪರಂಪರೆಯು, ಸಾವಿರಾರು ಜನರ ತಲೆಗೆ ಹೋಗುವ ಮಾತಿನ ವಿಷಯದಲ್ಲಿ ಕಡಿಮೆ ಎಚ್ಚರವನ್ನು ಬಯಸೀತೆಂದು ಹೇಳಲಾಗದು.

ಈ ಪ್ರಶ್ನೆ ಇಂದು ಜೈನ ಮನೆತನಗಳ ಅಂಗಳಕ್ಕೇ ಬಂದಿದೆ. ಓದಿದ ಅನೇಕ ತರುಣ ತರುಣಿಯರು ಮನೆಯಲ್ಲಿಯೇ ಕುಳಿತು ಸಂಸ್ಥೆಗಳಿಗೆ ಲೇಖನ ಬರೆದುಕೊಡುವ ವೃತ್ತಿಯನ್ನು ಹಿಡಿದಿದ್ದಾರೆ. ‘ಕಂಟೆಂಟ್ ರೈಟರ್’ ಎಂಬುದು ಅವರ ಹೆಸರು. ಬೆಳಗ್ಗೆ ಸಾಬೂನಿನ ವಿಷಯ, ಮಧ್ಯಾಹ್ನ ವಿಮೆಯ ವಿಷಯ, ರಾತ್ರಿ ಒಂದು ತೀರ್ಥಕ್ಷೇತ್ರದ ವಿಷಯ. ಬಹುಪಾಲು ಕೂಲಿ ಪದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಹುಡುಕಲು ತಗಲುವ ಹೊತ್ತಿಗೆ ಪ್ರತ್ಯೇಕ ಕೂಲಿಯಿಲ್ಲ. ಆದುದರಿಂದ ಬೇಗ ಹುಡುಕುವುದು ಅವರಿಗೆ ಜೀವನೋಪಾಯದ ಮಾತೇ ಆಗಿದೆ. ಆ ಶೀಘ್ರತೆ ಸತ್ಯಾಣುವ್ರತಕ್ಕೂ ಅಚೌರ್ಯಾಣುವ್ರತಕ್ಕೂ ಹೊಂದುವುದೋ ಇಲ್ಲವೋ ಎಂಬುದು ವಿಚಾರಣೀಯ.

ಸಲ್ಲೇಖನದ ಕುರಿತು ಲೇಖನವೊಂದು ಬೇಕೆಂದು ಬರಹಗಾರನಿಗೆ ಬೇಡಿಕೆ ಬಂದಿತೆನ್ನಿ. ಶೋಧಯಂತ್ರದಲ್ಲಿ ಹುಡುಕಿದೊಡನೆ 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾವನ್ನು ಭಾರತೀಯ ದಂಡ ಸಂಹಿತೆಯ 306 ಮತ್ತು 309ನೆಯ ಕಲಮುಗಳ ಅಡಿಯಲ್ಲಿ ಅಪರಾಧವೆಂದು ಪರಿಗಣಿಸಲು ಆದೇಶಿಸಿದ ಸುದ್ದಿ ದೊರೆಯುತ್ತದೆ. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆಯಾಜ್ಞೆ ನೀಡಿತು. ನಡುವಿನ ಮೂರು ವಾರಗಳಲ್ಲಿ ಬರೆಯಲಾದ ಪುಟಗಳು ಮಾತ್ರ ತಮ್ಮ ಸ್ಥಾನದಲ್ಲಿಯೇ ಉಳಿದುಕೊಂಡು, ಹೊಸದಾಗಿ ಓದುವವನಿಗೆ ಹೊಸತೆಂಬಂತೆ ಕಾಣುತ್ತವೆ. ಮೇಲಾಗಿ ಆ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಮೊದಲನೆಯ ಪುಟದಲ್ಲಿಯೇ ನಿಂತುಬಿಟ್ಟ ಬರಹಗಾರನು ‘ನ್ಯಾಯಾಲಯ ಇದನ್ನು ಅಪರಾಧವೆಂದಿದೆ’ ಎಂದು ಬರೆದರೆ ಪ್ರತಿಯೊಂದು ಪದವೂ ನಡೆದ ಸಂಗತಿಯೇ. ಒಟ್ಟು ವಾಕ್ಯ ಮಾತ್ರ ಅಸತ್ಯ. ಹಿರಿಯರೊಬ್ಬರು ವ್ರತ ಸ್ವೀಕರಿಸಿರುವ ಮನೆಯಲ್ಲಿ ಮೊಮ್ಮಗನು ಆ ವಾಕ್ಯವನ್ನು ಓದಿ ಹೆದರಿದರೆ, ಆ ಭಯದ ಹೊಣೆ ಯಾರದು? ಪ್ರಮಾದದಿಂದ ಪರರಿಗೆ ಪೀಡೆಯಾದಲ್ಲಿ ಹಿಂಸೆಯಿದೆ ಎಂಬುದನ್ನು ಜೈನರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಆಗಬೇಕಾಗಿದ್ದ ಕೆಲಸ ದೊಡ್ಡದೇನಲ್ಲ. ಪುಟದ ದಿನಾಂಕವನ್ನು ನೋಡಿ, ‘ಮುಂದೇನಾಯಿತು’ ಎಂದು ಇನ್ನೊಮ್ಮೆ ಹುಡುಕಬೇಕಿತ್ತು. ಸಲ್ಲೇಖನ, ಸಂಥಾರಾ, ಸಮಾಧಿಮರಣ ಎಂಬ ಮೂರು ಹೆಸರುಗಳಿಂದಲೂ ಹುಡುಕಬೇಕಿತ್ತು. ಒಂದು ಹೆಸರಿಗೆ ತೆರೆಯದ ಬಾಗಿಲು ಇನ್ನೊಂದಕ್ಕೆ ತೆರೆಯುತ್ತದೆ. ಇದಕ್ಕೆ ಬೇಕಾದುದು ಹತ್ತು ನಿಮಿಷ.

ವೇಗ ಮತ್ತು ಸತ್ಯ ಪರಸ್ಪರ ವಿರೋಧಿಗಳೆಂಬ ಸಾಮಾನ್ಯ ನಂಬಿಕೆಯೂ ಸರಿಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಎಂಬವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಜನ ಇತಿಹಾಸ ವಿದ್ವಾಂಸರು, ಹತ್ತು ಜನ ವೃತ್ತಿನಿರತ ಸತ್ಯಪರಿಶೀಲಕರು ಮತ್ತು 25 ಜನ ವಿದ್ಯಾರ್ಥಿಗಳಿಗೆ ಜಾಲತಾಣಗಳ ವಿಶ್ವಾಸಾರ್ಹತೆಯನ್ನು ಅಳೆಯುವ ಕೆಲಸ ಕೊಡಲಾಯಿತು. ವಿದ್ವಾಂಸರೂ ವಿದ್ಯಾರ್ಥಿಗಳೂ ಬಹುಮಟ್ಟಿಗೆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿ, ಅದರ ಅಂದವಾದ ಲಾಂಛನಕ್ಕೆ, ಗಂಭೀರವಾದ ಹೆಸರಿಗೆ ಮರುಳಾದರು. ಪರಿಶೀಲಕರಾದರೋ ಒಂದು ನೋಟ ಹಾಯಿಸಿ ಆ ಪುಟವನ್ನು ಬಿಟ್ಟು, ಅದರ ಬಗ್ಗೆ ಇತರರು ಏನು ಹೇಳಿದ್ದಾರೆಂದು ಬೇರೆ ಕಿಟಕಿಗಳನ್ನು ತೆರೆದು ನೋಡಿದರು. ಅವರ ತೀರ್ಮಾನವೇ ಹೆಚ್ಚು ಸರಿಯಾಗಿತ್ತು. ಅವರಿಗೆ ಹಿಡಿದ ಹೊತ್ತೂ ಬಹಳ ಕಡಿಮೆ. ಮನೆಯ ಯೋಗ್ಯತೆಯನ್ನು ಮನೆಯೊಡೆಯನ ಬಾಯಿಂದಲೇ ಕೇಳಿ ತಿಳಿಯಲಾಗದೆಂಬುದು ಹಳ್ಳಿಯ ವ್ಯಾಪಾರಿಗೂ ಗೊತ್ತಿದ್ದ ವಿಷಯ. ಜಾಲತಾಣದ ಮುಂದೆ ಅದು ಏಕೋ ಮರೆತುಹೋಗುತ್ತದೆ.

ಶ್ರವಣಬೆಳಗೊಳದ ಗೊಮ್ಮಟಮೂರ್ತಿ ಯಾವ ವರ್ಷ ಪ್ರತಿಷ್ಠೆಯಾಯಿತು ಎಂಬುದನ್ನೇ ತೆಗೆದುಕೊಳ್ಳಬಹುದು. ಒಂದು ಪುಟ 981 ಎನ್ನುತ್ತದೆ, ಇನ್ನೊಂದು 983 ಎನ್ನುತ್ತದೆ. ಯಾವುದನ್ನು ಹೆಚ್ಚು ಪುಟಗಳು ಹೇಳುತ್ತವೆಯೋ ಅದನ್ನೇ ಬರೆದುಬಿಡುವುದು ರೂಢಿ. ಆದರೆ ನೂರು ಪುಟಗಳು ಒಂದೇ ಪುಟವನ್ನು ನಕಲು ಮಾಡಿದ್ದರೆ ಅವು ನೂರು ಸಾಕ್ಷಿಗಳಲ್ಲ, ಸಾಕ್ಷಿ ಒಂದೇ. ಮೂರ್ತಿಯ ಪಾದದ ಬಳಿಯ ಶಾಸನಗಳು ಕನ್ನಡ, ತಮಿಳು, ಮರಾಠಿಗಳಲ್ಲಿ ಮಾಡಿಸಿದವನು ಚಾವುಂಡರಾಯನೆಂದು ಹೇಳುತ್ತವೆ, ವರ್ಷವನ್ನು ಹೇಳುವುದಿಲ್ಲ. 978ರಲ್ಲಿ ಅವನೇ ರಚಿಸಿದ ಪುರಾಣದಲ್ಲಿ ಮೂರ್ತಿಯ ಪ್ರಸ್ತಾಪವಿಲ್ಲದಿರುವುದರಿಂದ ಪ್ರತಿಷ್ಠೆ ಅನಂತರದ್ದೆಂದು ವಿದ್ವಾಂಸರು ಊಹಿಸಿದ್ದಾರೆ. 981ನ್ನು ಆಧಾರವಾಗಿ ಹಿಡಿದು 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು. ಇಷ್ಟನ್ನು ತಿಳಿದವನು ‘ಸುಮಾರು 981’ ಎಂದು ಬರೆಯುತ್ತಾನೆ. ‘ಸುಮಾರು’ ಎಂಬ ಆ ಒಂದು ಪದದಲ್ಲಿ ಸ್ಯಾದ್ವಾದದ ಒಂದು ಕಿರಣವಿದೆ.

ಮೂಲಕ್ಕೆ ಹೋಗುವುದು ದೀರ್ಘದಾರಿಯೆಂದು ತೋರುವುದುಂಟು. ಶ್ರವಣಬೆಳಗೊಳದ ಶಾಸನಗಳ ಮಟ್ಟಿಗೆ ಅದು ಹಾಗಿಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟವನ್ನು ಬಿ. ಎಲ್. ರೈಸ್ 1889ರಲ್ಲಿ 144 ಶಾಸನಗಳೊಂದಿಗೆ ಹೊರತಂದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾಲಯದ 1973ರ ಆವೃತ್ತಿಯಲ್ಲಿ 573. ಹಳೆಯ ಸಂಪುಟಗಳ ಛಾಯಾಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಹಣವಿಲ್ಲದೆ ಓದಬಹುದು. ಒಮ್ಮೆ ಅರ್ಧ ಗಂಟೆ ವ್ಯಯಿಸಿ ಅಲ್ಲಿಗೆ ಹೋಗಿ ಬಂದವನಿಗೆ ಮುಂದಿನ ಹತ್ತು ಲೇಖನಗಳ ಅಲೆದಾಟ ತಪ್ಪುತ್ತದೆ. ಹುಡುಕುವಾಗ ಚಾವುಂಡರಾಯ, ಚಾಮುಂಡರಾಯ. ಬೆಳಗೊಳ, ಬೆಳ್ಗೊಳ ಎಂಬ ಬರಹಭೇದಗಳನ್ನು ಮಾತ್ರ ಮರೆಯಬಾರದು.

ಇನ್ನು ಅಚೌರ್ಯದ ಮಾತು. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳಲ್ಲಿ ಕದ್ದು ತಂದುದನ್ನು ಸ್ವೀಕರಿಸುವ ತದಾಹೃತಾದಾನವನ್ನೂ, ಅಸಲಿನಂತೆ ತೋರುವ ನಕಲನ್ನು ಮಾರುವ ಪ್ರತಿರೂಪಕ ವ್ಯವಹಾರವನ್ನೂ ಹೇಳಿದೆ. ವರ್ತಕರಿಗೆ ಹೇಳಿದ ಈ ಮಾತುಗಳು ಬರಹದ ವೃತ್ತಿಗೆ ಅಕ್ಷರಶಃ ಒಪ್ಪುತ್ತವೆ. ಇನ್ನೊಬ್ಬರ ಲೇಖನದ ಪದಗಳಿಗೆ ಪರ್ಯಾಯಪದಗಳನ್ನಿಟ್ಟು ಹೊಸತೆಂದು ಒಪ್ಪಿಸುವುದು ಪ್ರತಿರೂಪಕ ವ್ಯವಹಾರವಲ್ಲದೆ ಮತ್ತೇನು? 1957ರ ಕೃತಿಸ್ವಾಮ್ಯ ಕಾಯಿದೆ ಬರಹದ ರೂಪವನ್ನು ರಕ್ಷಿಸುತ್ತದೆ, ಸಂಗತಿಗಳನ್ನಲ್ಲ. ಲೇಖಕನ ಮರಣಾನಂತರ 60 ವರ್ಷಗಳಿಗೆ ಆ ರಕ್ಷಣೆಯೂ ಮುಗಿಯುತ್ತದೆ. ಕಾಯಿದೆಯ ಎಲ್ಲೆ ಅಲ್ಲಿಗೆ. ವ್ರತದ ಎಲ್ಲೆ ಅದಕ್ಕಿಂತ ಆಚೆಗಿದೆ. ಬಿಸಿಲಿನಲ್ಲಿ ಬಂಡೆಯ ಮೇಲೆ ಕುಳಿತು ಶಾಸನ ಓದಿದವರ ಶ್ರಮವನ್ನು ಹೆಸರೆತ್ತದೆ ಬಳಸಿಕೊಂಡರೆ ಯಾವ ನ್ಯಾಯಾಲಯವೂ ಕೇಳದಿರಬಹುದು. ಕೊಡದೆ ಇದ್ದುದನ್ನು ತೆಗೆದುಕೊಂಡಂತೆ ಆಗಿಯೇ ಆಗುತ್ತದೆ. ಭ್ರಾಮರೀ ವೃತ್ತಿಯಲ್ಲಿ ದುಂಬಿ ಹೂವಿಗೆ ನೋವಾಗದಂತೆ ಮಧುವನ್ನು ಕೊಳ್ಳುತ್ತದೆ. ಹೂವಿನ ಹೆಸರು ಅಳಿಸಿಹೋಗುವುದಾದರೆ ಆ ಉಪಮೆ ಇಲ್ಲಿ ಸಲ್ಲದು.

ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ: ಸುಳ್ಳು ದಾಖಲೆ ಬರೆಯುವುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇದರ ಹೊಸ ರೂಪವೊಂದು ಕಾಣಿಸಿಕೊಂಡಿದೆ. ಯಂತ್ರವು ಇಲ್ಲದ ಗ್ರಂಥವನ್ನೂ ಇಲ್ಲದ ಪುಟಸಂಖ್ಯೆಯನ್ನೂ ನಿಸ್ಸಂಕೋಚವಾಗಿ ಹೇಳಬಲ್ಲದು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ವಕೀಲರು ಯಂತ್ರ ಹೇಳಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ಉಲ್ಲೇಖಿಸಿ 5,000 ಡಾಲರ್ ದಂಡ ತೆರಬೇಕಾಯಿತು. ಯಂತ್ರಕ್ಕೆ ಕಷಾಯವಿಲ್ಲ, ಕರ್ಮಬಂಧವೂ ಇಲ್ಲ. ಅದರ ಮಾತನ್ನು ನೋಡದೆ ತನ್ನ ಹೆಸರಿನಲ್ಲಿ ಒಪ್ಪಿಸಿದವನಿಗೆ ಎರಡೂ ಇವೆ. ಎಲ್ಲಿ ಹುಡುಕಬೇಕೆಂಬ ಸುಳಿವನ್ನು ಅದರಿಂದ ಪಡೆಯಬಹುದು, ಸಾಕ್ಷ್ಯವನ್ನು ಪಡೆಯಲಾಗದು.

ಅತಿಯಾಗಿ ಹುಡುಕುವುದೂ ದೋಷವೇ. ನಲವತ್ತು ಕಿಟಕಿಗಳನ್ನು ತೆರೆದಿಟ್ಟು, ಮುಂದೆಂದೋ ಬೇಕಾದೀತೆಂದು ನೂರಾರು ಕೊಂಡಿಗಳನ್ನು ಕೂಡಿಡುವವನದು ಪರಿಗ್ರಹ. ಮೂರ್ಛೆಯೇ ಪರಿಗ್ರಹವಾದ್ದರಿಂದ ವಸ್ತು ಕಣ್ಣಿಗೆ ಕಾಣದಿದ್ದರೂ ಅದು ತಪ್ಪದು. ಶಾಸನ ಹುಡುಕಹೊರಟವನು ಚಲನಚಿತ್ರ ನಟರ ಜಗಳದ ಸುದ್ದಿಯಲ್ಲಿ ಕೊನೆಗಾಣುವುದಂತೂ ನಿತ್ಯದ ಕಥೆ. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿದ ದುಃಶ್ರುತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಪ್ರಶ್ನೆಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡು ಕುಳಿತವನಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿದಿರುತ್ತದೆ.

ಅನೇಕಾಂತದ ಹೆಸರಿನಲ್ಲಿ ಕೆಲವರು ಇನ್ನೊಂದು ಸುಲಭೋಪಾಯ ಕಂಡುಕೊಂಡಿದ್ದಾರೆ. ಎರಡು ಪುಟ ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆದು, ‘ಎಲ್ಲವೂ ಒಂದೊಂದು ದೃಷ್ಟಿಯಿಂದ ಸತ್ಯ’ ಎಂದು ಕೈತೊಳೆದುಕೊಳ್ಳುವುದು. ಅನೇಕಾಂತವು ಸೋಮಾರಿಗಳ ಸಿದ್ಧಾಂತವಲ್ಲ. ಯಾವ ಅಪೇಕ್ಷೆಯಿಂದ ಈ ಮಾತು ನಿಲ್ಲುತ್ತದೆ ಎಂದು ತೋರಿಸುವ ಹೊಣೆ ನಯವಾದಿಯ ಮೇಲಿದೆ; ತೋರಿಸಲಾಗದ್ದು ನಯವೇ ಅಲ್ಲ. ಸಿಹಿಮೂತ್ರಕ್ಕೆ ಯಾವುದೋ ಕಷಾಯ ಕುಡಿದು ಇನ್ಸುಲಿನ್ ಬಿಡಬಹುದೆಂಬ ಹೇಳಿಕೆಯನ್ನು ‘ಇದೂ ಒಂದು ಅಭಿಪ್ರಾಯ’ ಎಂದು ಪ್ರಕಟಿಸಿದರೆ ಅದನ್ನು ನಂಬಿದ ರೋಗಿಯ ಪ್ರಾಣಕ್ಕೇ ಅಪಾಯ.

ಹೊಣೆ ಬರಹಗಾರನೊಬ್ಬನದೇ ಎಂದುಕೊಂಡರೆ ವಿಚಾರ ಅರ್ಧವಾದೀತು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಕರ್ಮ ಒಳಬರುತ್ತದೆ. ಪಂಚಕಲ್ಯಾಣದ ಸ್ಮರಣ ಸಂಚಿಕೆಗೆ ಬಸದಿಯ ಎಂಟು ಶತಮಾನಗಳ ಇತಿಹಾಸವನ್ನು ನಾಳೆ ಸಂಜೆಯೊಳಗೆ, ಪದಕ್ಕೆ ಅತಿ ಕಡಿಮೆ ದರದಲ್ಲಿ ಬರೆದುಕೊಡೆಂದು ಕೇಳುವ ಟ್ರಸ್ಟು ಕಾರಿತದ ಬಾಗಿಲಲ್ಲಿ ನಿಂತಿದೆ. ಬಂದುದನ್ನು ಓದಿ ನೋಡದೆ ‘ಚೆನ್ನಾಗಿದೆ’ ಎಂದು ಅಚ್ಚಿಗೆ ಕಳಿಸುವ ಸಂಪಾದಕ ಮಂಡಳಿ ಅನುಮೋದನೆಯ ಬಾಗಿಲಲ್ಲಿ. ಟ್ರಸ್ಟಿನ ಕಪಾಟಿನಲ್ಲಿಯೇ ಹಳೆಯ ದಾನಪತ್ರಗಳೂ ಶಾಸನದ ಪಡಿಯಚ್ಚುಗಳೂ ಇರುವುದುಂಟು. ಅವುಗಳನ್ನು ಬರಹಗಾರನ ಮುಂದಿಟ್ಟರೆ ಅಂತರಜಾಲದ ಅರ್ಧ ಅಲೆದಾಟವೇ ಬೇಡವಾದೀತು.

ಇತ್ಯರ್ಥವಾಗದ ಮಾತೊಂದು ಉಳಿದಿದೆ. ಪದವೆಣಿಸಿ ಕೂಲಿ ಕೊಡುವ ಪದ್ಧತಿಯಲ್ಲಿ, ಪರಿಶೀಲಿಸಿ ಆಧಾರವಿಲ್ಲವೆಂದು ಕಂಡು ಹೊಡೆದುಹಾಕಿದ 200 ಪದಗಳಿಗೆ ಬೆಲೆಯಿಲ್ಲ. ಹೊಡೆಯದೆ ಬಿಟ್ಟವನಿಗೆ ಪೂರ್ಣ ಕೂಲಿ ಸಲ್ಲುತ್ತದೆ. ಇದನ್ನು ಬರಹಗಾರನ ಮನಸ್ಸಾಕ್ಷಿಗೇ ಬಿಟ್ಟು ಟ್ರಸ್ಟು ಸುಮ್ಮನಿರಬೇಕೋ, ಅಥವಾ ಹುಡುಕಾಟದ ಹೊತ್ತಿಗೂ ಒಂದು ದರವನ್ನು ಕರಾರಿನಲ್ಲಿಯೇ ಬರೆಯಬೇಕೋ ಎಂಬುದು ಮುಂದಿನ ಸ್ಮರಣ ಸಂಚಿಕೆಯ ಸಭೆಯಲ್ಲಿ ಚರ್ಚೆಗೆ ಬರಬೇಕಾದ ವಿಷಯ.