ನಷ್ಟದ ದಿನ ಯಾರ ಪಾಲಿಗೆ?

ಶ್ರೀಗಂಧದ ಕಾವಲ್‌ನ ಒಂದು ಚಿಕ್ಕ ಮಳಿಗೆಯಲ್ಲಿ ಟೈಲರ್ ಒಬ್ಬರಿದ್ದಾರೆ ಅಂದುಕೊಳ್ಳಿ. ಅವರಿಗೆ 60,000 ರೂಪಾಯಿಯ ಓವರ್‌ಲಾಕ್ ಮಷೀನ್ ಬೇಕು. ಬ್ಯಾಂಕು ಕಾಗದಪತ್ರ ಕೇಳುತ್ತದೆ. ಮೀಟರ್ ಬಡ್ಡಿಯವನು ಏನೂ ಕೇಳದೆ ಸಂಜೆಯೇ ದುಡ್ಡು ಎಣಿಸುತ್ತಾನೆ. ಮೂರನೆಯದು ಬಡ್ಡಿರಹಿತ ಸಹಕಾರ ಸಂಘ: ಮಷೀನನ್ನು ತಾನೇ ಕೊಂಡು, 69,000ಕ್ಕೆ ಇವರಿಗೆ ಮಾರುತ್ತದೆ; ತಿಂಗಳಿಗೆ 5,750ರಂತೆ 12 ಕಂತು. ಇಸ್ಲಾಮಿಕ್ ಹಣಕಾಸಿನಲ್ಲಿ ಇದರ ಹೆಸರು ಮುರಾಬಹಾ.

ಲೆಕ್ಕ ಬಲ್ಲವರು ನಗುತ್ತಾರೆ. ಆ 9,000 ಬಡ್ಡಿಯಲ್ಲದೆ ಮತ್ತೇನು?

ನಗುವಿನಲ್ಲಿ ಅರ್ಧ ಸತ್ಯವಿದೆ. ಇನ್ನರ್ಧ ತಿಳಿಯುವುದು ಕೆಟ್ಟ ತಿಂಗಳಲ್ಲಿ. ಆರ್ಡರ್ ನಿಂತು ಎರಡು ಕಂತು ತಪ್ಪಿದರೂ 69,000 ಎಂಬುದು 69,000 ಆಗಿಯೇ ಉಳಿಯುತ್ತದೆ. ದಂಡ ಹಾಕಿದರೂ ಅದು ಸಾಮಾನ್ಯವಾಗಿ ದಾನಕ್ಕೆ ಹೋಗಬೇಕು, ಸಂಘದ ಗಂಟಿಗಲ್ಲ. ಮಷೀನು ಕೈಸೇರುವ ಮೊದಲೇ ಕೆಟ್ಟರೆ ನಷ್ಟ ಮಾರಿದವರದು. ಸಾಲಗಾರ ಮಲಗಿದ್ದಾಗಲೂ ಸಾಲ ಬೆಳೆಯುತ್ತದಲ್ಲ, ಆ ಭಯ ಇಲ್ಲಿಲ್ಲ. ಇದನ್ನು ಆರಿಸಿಕೊಳ್ಳುವವರನ್ನು ಧರ್ಮವೊಂದೇ ಕರೆತರುತ್ತದೆ ಎಂದು ನನಗನಿಸುವುದಿಲ್ಲ. ಅದೇ ನಂಬಿಕೆಯ ಎಷ್ಟೋ ಜನ ಬ್ಯಾಂಕ್ ಸಾಲದಲ್ಲೇ ಅಂಗಡಿ ನಡೆಸುತ್ತಾರೆ. ಬಡ್ಡಿಯ ಭಯ ನಮ್ಮೆಲ್ಲರದು. ಅತಿಬಡ್ಡಿಯ ವಿರುದ್ಧ ಕರ್ನಾಟಕ 2004ರಲ್ಲೇ ಕಾನೂನು ಮಾಡಿತು. ರೈತರಿಗೆ ಶೂನ್ಯ ಬಡ್ಡಿಯ ಸಾಲದ ಮಿತಿಯನ್ನು 2023ರ ಬಜೆಟ್ಟು 5 ಲಕ್ಷಕ್ಕೆ ಏರಿಸಿತು. ಅದನ್ನು ಯಾರೂ ಧಾರ್ಮಿಕ ಎನ್ನಲಿಲ್ಲ.

ಆದರೆ ಈ ಚಿಂತನೆಯ ನಿಜವಾದ ಆದರ್ಶ ಮುರಾಬಹಾ ಅಲ್ಲ, ಮುಶಾರಕಾ: ಇಬ್ಬರೂ ಬಂಡವಾಳ ಹಾಕಿ ಲಾಭನಷ್ಟ ಎರಡನ್ನೂ ಹಂಚಿಕೊಳ್ಳುವುದು. ಕೇಳಲು ಚೆಂದ. ಮಾಡಲು ಹೊರಟರೆ ಟೈಲರ್ ತಮ್ಮ ಲೆಕ್ಕದ ಪುಸ್ತಕ ಇನ್ನೊಬ್ಬರ ಮುಂದೆ ಬಿಚ್ಚಿಡಬೇಕು. ಹಬ್ಬದ ತಿಂಗಳಲ್ಲಿ ಎಷ್ಟು ಉಳಿಯಿತು, ಮಗಳ ಫೀಸಿಗೆ ಗಲ್ಲಾದಿಂದ ಎಷ್ಟು ತೆಗೆದರು, ಎಲ್ಲ. ಬಡ್ಡಿ ಕ್ರೂರ, ನಿಜ. ಆದರೂ ಅದಕ್ಕೊಂದು ದಾಕ್ಷಿಣ್ಯವಿದೆ, ಕಂತು ಕಟ್ಟಿದ ಮೇಲೆ ಅದು ನಿಮ್ಮ ಮನೆಯೊಳಗೆ ಇಣುಕುವುದಿಲ್ಲ. ಜಗತ್ತಿನಾದ್ಯಂತ ಇಸ್ಲಾಮಿಕ್ ಬ್ಯಾಂಕುಗಳಲ್ಲಿ ಪಾಲುದಾರಿಕೆಗಿಂತ ಮುರಾಬಹಾ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ನಷ್ಟ ಹಂಚಿಕೊಳ್ಳಲು ಎಲ್ಲರಿಗೂ ಇಷ್ಟ, ಲೆಕ್ಕ ಹಂಚಿಕೊಳ್ಳಲು ಅಲ್ಲ.

ನಮ್ಮಲ್ಲಿ ಇನ್ನೊಂದು ತೊಡಕು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಬ್ಯಾಂಕುಗಳು ಸರಕು ಕೊಂಡು ಮಾರುವುದನ್ನು ತಡೆಯುತ್ತದೆ. ಮುರಾಬಹಾ ಮಾಡುವುದೇ ಅದನ್ನು. ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿಬಿಟ್ಟಿತು. ಹಾಗಾಗಿ ಉಳಿದದ್ದು ಸಣ್ಣ ಸಂಘಗಳು ಮತ್ತು ಪರಿಚಯದ ಮೇಲಿನ ನಂಬಿಕೆ.

ಆ ನಂಬಿಕೆಗೆ ಏನಾಗಬಹುದೆಂದು ಬೆಂಗಳೂರು 2019ರ ಜೂನ್‌ನಲ್ಲಿ ನೋಡಿತು. ಹಲಾಲ್ ಹೂಡಿಕೆಯೆಂದು ಹಣ ಸಂಗ್ರಹಿಸಿದ ಐ ಮಾನಿಟರಿ ಅಡ್ವೈಸರಿ ಕುಸಿದಾಗ ಶಿವಾಜಿನಗರದಲ್ಲಿ ದೂರು ಕೊಡಲು ಜನ ಸಾಲುಗಟ್ಟಿದರು. ಕಾಗದದ ಮೇಲೆ ಅವರು ಠೇವಣಿದಾರರಲ್ಲ, ಪಾಲುದಾರರು. ಆದರೆ ಪಾಲುದಾರ ಲೆಕ್ಕ ಕೇಳಬೇಕು. ಇಲ್ಲಿ ಹಲಾಲ್ ಎಂಬ ಪದವೇ ಲೆಕ್ಕದ ಜಾಗದಲ್ಲಿ ಕೂತುಬಿಟ್ಟಿತ್ತು.

ನಮ್ಮ ಟೈಲರ್‌ಗೂ ಇದೇ ಪರೀಕ್ಷೆ. 60,000ವನ್ನು ಅವರ ಕೈಗೇ ಕೊಟ್ಟು, ‘ನಮ್ಮ ಪರವಾಗಿ ನೀವೇ ಮಷೀನ್ ಕೊಂಡುಬಿಡಿ’ ಎಂದು ಸಂಘ ಹೇಳಿದರೆ, ಮಷೀನು ಒಂದು ಗಳಿಗೆಯಾದರೂ ನಿಜಕ್ಕೂ ಸಂಘದ್ದಾಗಿತ್ತೇ? ದಾರಿಯಲ್ಲಿ ಆಟೋ ಮಗುಚಿದರೆ ಯಾರ ಮಷೀನು ಒಡೆಯಿತು? ಸಹಿ ಹಾಕುವ ಮೊದಲು ಅವರು ಇದನ್ನು ಕೇಳಬೇಕು, ಉತ್ತರವನ್ನು ಬರೆಸಿಕೊಳ್ಳಬೇಕು.